ಇದ್ದಿಲು ಚಿನ್ನ ಹಿಡಿಯುತ್ತದೆ, ನಿಜ. ತಾಮ್ರವನ್ನು ಬಿಡುತ್ತದೆಯೇ?

ಪ್ರಶ್ನೆ: ಹಳೆಯ ಮೊಬೈಲು, ಕಂಪ್ಯೂಟರ್ ಬೋರ್ಡುಗಳನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣಕ್ಕೆ ರಂಧ್ರಮಯ ಇಂಗಾಲ ಹಾಕಿದರೆ ಚಿನ್ನ, ಪಲ್ಲಾಡಿಯಂ, ನಿಯೋಡಿಮಿಯಂನಂಥ ಲೋಹಗಳು ಅದಕ್ಕೆ ಅಂಟಿಕೊಳ್ಳುತ್ತವೆ ಎಂದು ಓದಿದೆ. ಒಂದು ಗ್ರಾಂ ಇಂಗಾಲ 500 ಮಿಲಿಗ್ರಾಂ ಲೋಹ ಹಿಡಿಯುತ್ತದಂತೆ. ಇಷ್ಟು ಸುಲಭವಾದರೆ ಎಲ್ಲರೂ ಇದನ್ನೇ ಏಕೆ ಮಾಡುತ್ತಿಲ್ಲ? ನೀರಿನ ಫಿಲ್ಟರ್‌ನಲ್ಲಿರುವ ಕಾರ್ಬನ್ ಸಾಕೇ, ಬೇರೆಯದೇ ಬೇಕೇ? ಮರುಬಳಕೆಯ ಸಣ್ಣ ಘಟಕ ಹಾಕುವ ಯೋಚನೆಯಲ್ಲಿದ್ದೇನೆ.

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅರ್ಧ ಕಥೆ. ಉಳಿದರ್ಧ ಗೊತ್ತಿಲ್ಲದೆ ಬಂಡವಾಳ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಧೈರ್ಯ ಕೊಡುವ ಮಾತು. ಇದ್ದಿಲಿನಿಂದ ಚಿನ್ನ ಹಿಡಿಯುವುದು ಹೊಸ ಸಂಶೋಧನೆಯೇನಲ್ಲ. ಕ್ಲೋರಿನ್‌ನಲ್ಲಿ ಕರಗಿಸಿದ ಚಿನ್ನವನ್ನು ಮರದ ಇದ್ದಿಲಿನ ಮೇಲೆ ಹಿಡಿಯುವ ವಿಧಾನಕ್ಕೆ 1880ರಲ್ಲೇ ಪೇಟೆಂಟ್ ಸಿಕ್ಕಿತ್ತು. 1887ರಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರ, ಅದಿರಿನ ಚಿನ್ನವನ್ನು ಸೈನೈಡ್ ನೀರಿನಲ್ಲಿ ಕರಗಿಸುವ ವಿಧಾನ ಬಂದಮೇಲೆ ಚಿನ್ನದ ಗಣಿಗಾರಿಕೆಯ ದಿಕ್ಕೇ ಬದಲಾಯಿತು. ಆದರೂ ಇದ್ದಿಲು ಮೂಲೆಯಲ್ಲೇ ಉಳಿಯಿತು. ಏಕೆಂದರೆ ಹಿಡಿದ ಚಿನ್ನವನ್ನು ಅದು ಬಿಟ್ಟುಕೊಡುತ್ತಿರಲಿಲ್ಲ. ಚಿನ್ನ ಬೇಕಾದರೆ ಇದ್ದಿಲನ್ನೇ ಸುಡಬೇಕಿತ್ತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಗಣಿ ಇಲಾಖೆಯಲ್ಲಿ ಝಾಡ್ರಾ ಎಂಬವರು ಬಿಸಿ ಕಾಸ್ಟಿಕ್ ಸೋಡಾ ಮತ್ತು ಸ್ವಲ್ಪ ಸೈನೈಡ್ ಬೆರೆತ ನೀರಿನಿಂದ ಚಿನ್ನವನ್ನು ತೊಳೆದು ತೆಗೆಯುವ ದಾರಿ ತೋರಿಸಿದರು. ಅಲ್ಲಿಂದ ಇದ್ದಿಲನ್ನು ಮತ್ತೆ ಮತ್ತೆ ಬಳಸುವಂತಾಯಿತು. 1973ರಲ್ಲಿ ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಗಣಿಯಲ್ಲಿ ದೊಡ್ಡ ಪ್ರಮಾಣದ ಘಟಕ ಶುರುವಾಯಿತು. ಇವತ್ತು ಪ್ರಪಂಚದ ಗಣಿಚಿನ್ನದ ದೊಡ್ಡ ಪಾಲು ತೆಂಗಿನ ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್ ಮೇಲೆ ಕೂತು ಎದ್ದೇ ಹೊರಬರುತ್ತದೆ.

ಈ ಇತಿಹಾಸದಲ್ಲಿ ಒಂದು ಸಂಗತಿಯನ್ನು ಗಮನಿಸಿ. ಇದ್ದಿಲು ಚಿನ್ನ ಹಿಡಿಯುತ್ತದೆಂದು ಗೊತ್ತಾಗಿ ಅದು ಕಾರ್ಖಾನೆಗೆ ಬರಲು 90 ವರ್ಷಕ್ಕೂ ಹೆಚ್ಚು ಹಿಡಿಯಿತು. ತಡವಾದದ್ದು ಹಿಡಿಯುವ ಶಕ್ತಿ ಸಾಲದೆ ಅಲ್ಲ.

ಈಗ ಇಂಗಾಲದ ಒಳಗೆ ಏನಿದೆ ನೋಡೋಣ. ಅಡುಗೆ ಒಲೆಯ ಇದ್ದಿಲಿಗೂ ರಂಧ್ರಗಳಿರುತ್ತವೆ, ಆದರೆ ಬಹಳಷ್ಟು ಡಾಂಬರಿನಿಂದ ಮುಚ್ಚಿಹೋಗಿರುತ್ತವೆ. ಆ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆಗೆ ಒಡ್ಡಿದಾಗ ಹಬೆ ಇಂಗಾಲವನ್ನೇ ತಿನ್ನುತ್ತಾ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಹೊರಹೋಗುತ್ತದೆ. ಗೆದ್ದಲು ಮರ ತಿಂದ ಹಾಗೆ ಒಳಗೆಲ್ಲ ಸುರಂಗಗಳು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಕಾಯಿಸಿದರೆ ಇನ್ನೂ ಹೆಚ್ಚು. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ನಿನ ಒಂದು ಗ್ರಾಂನಲ್ಲಿ ಸುಮಾರು 1000 ಚದರ ಮೀಟರ್ ಒಳಮೈ ಇರುತ್ತದೆ, ಅಂದರೆ ನಾಲ್ಕು ಟೆನಿಸ್ ಅಂಕಣದಷ್ಟು. ಒಣ ಹರಳುಗಳನ್ನು ಒಂದು ಗ್ಲಾಸ್ ನೀರಿಗೆ ಹಾಕಿ ಕಿವಿ ಹತ್ತಿರ ಹಿಡಿಯಿರಿ. ಚುಯ್ ಎನ್ನುತ್ತದೆ, ಪ್ರತಿ ಹರಳಿನಿಂದಲೂ ಗುಳ್ಳೆಗಳ ಸಣ್ಣ ದಾರ ಏಳುತ್ತದೆ. ಒಳಗಿನ ಗಾಳಿಯನ್ನು ನೀರು ಹೊರಗಟ್ಟುವ ಸದ್ದು ಅದು. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದೇ ಇದನ್ನು. ಗ್ರಾಫುಗಳೆಲ್ಲ ಆಮೇಲೆ.

ಈ ಒಳಮೈಗೆ ಅಣುಗಳೋ ಅಯಾನುಗಳೋ (ವಿದ್ಯುದಾವೇಶ ಹೊತ್ತ ಕಣಗಳು) ಬಂದು ಅಂಟುವುದನ್ನು ಪುಸ್ತಕಗಳು ಅಧಿಶೋಷಣೆ ಎನ್ನುತ್ತವೆ. ಸ್ಪಂಜು ನೀರು ಕುಡಿದ ಹಾಗಲ್ಲ, ಇದು ಗೋಡೆಗೆ ಅಂಟುವುದು.

ಇಲ್ಲಿಯೇ ಮೊದಲನೆಯ ಮೋಸವೂ ಇದೆ. ಆ 1000 ಚದರ ಮೀಟರ್ ಲೆಕ್ಕವನ್ನು ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಅನಿಲದಿಂದ ಅಳೆಯುತ್ತಾರೆ. ನೈಟ್ರೋಜನ್ ಅಣು ಪುಟ್ಟದು, ಅರ್ಧ ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಕೂಡ ಇಲ್ಲ. ಸಿಕ್ಕ ಸಂದಿಯಲ್ಲೆಲ್ಲ ನುಸುಳುತ್ತದೆ. ನೀರಿನಲ್ಲಿರುವ ನಿಯೋಡಿಮಿಯಂ ಅಯಾನು ಹಾಗಲ್ಲ. ಮೂರು ಧನಾವೇಶ ಹೊತ್ತ ಅದು ಎಂಟು ಒಂಬತ್ತು ನೀರಿನ ಅಣುಗಳನ್ನು ಬಿಗಿಯಾಗಿ ತಬ್ಬಿಕೊಂಡೇ ಓಡಾಡುತ್ತದೆ. ಆ ಹೊದಿಕೆಯೂ ಸೇರಿದರೆ ಅಗಲ ಸುಮಾರು 1 ನ್ಯಾನೊಮೀಟರ್‌ಗೆ ಹತ್ತಿರ. ಇಂಗಾಲದ ಒಳಮೈಯಲ್ಲಿ ಹೆಚ್ಚಿನ ಪಾಲು ಇರುವುದು 2 ನ್ಯಾನೊಮೀಟರ್‌ಗಿಂತ ಕಿರಿದಾದ ಸೂಕ್ಷ್ಮರಂಧ್ರಗಳಲ್ಲಿ. ಅದರಲ್ಲೂ ತೀರಾ ಕಿರಿದಾದವಕ್ಕೆ ಈ ಅಯಾನು ಹೋಗುವುದೇ ಇಲ್ಲ, ಹೋದರೂ ಆಮೆ ವೇಗ. ಆದ್ದರಿಂದ ಮೈವಿಸ್ತಾರದ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ನಿಮ್ಮ ಲೋಹಕ್ಕೆ ಕಾಣುವ ಮೈ ಎಷ್ಟು ಎಂಬುದು ಬೇರೆಯೇ ಲೆಕ್ಕ. ಈ ಕಾರಣಕ್ಕೇ 2ರಿಂದ 50 ನ್ಯಾನೊಮೀಟರ್ ಅಗಲದ ಮಧ್ಯಮ ರಂಧ್ರಗಳ ಬಗ್ಗೆ ಸಂಶೋಧಕರು ತಲೆ ಕೆಡಿಸಿಕೊಳ್ಳುವುದು. ಅವು ಒಳಗಿನ ಗಲ್ಲಿಗಳಿಗೆ ಕರೆದೊಯ್ಯುವ ರಸ್ತೆಗಳು. 1999ರಲ್ಲಿ ಕೊರಿಯಾದ ರ್‍ಯೋಂಗ್ ರ್‍ಯೂ ತಂಡ ಸಿಲಿಕಾ ಅಚ್ಚಿನೊಳಗೆ ಸಕ್ಕರೆ ತುಂಬಿ, ಇಂಗಾಲವಾಗಿಸಿ, ಅಚ್ಚನ್ನು ಕರಗಿಸಿ ತೆಗೆದು ಒಂದೇ ಅಳತೆಯ ರಂಧ್ರಗಳ ಇಂಗಾಲ ಮಾಡಿ ತೋರಿಸಿತು. ಸುಂದರವಾದ ಕೆಲಸ. ಆದರೆ ಟನ್ನುಗಟ್ಟಲೆ ಬೇಕಾದಾಗ ಚಿಪ್ಪಿನ ಇಂಗಾಲದ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಲು ಅದಕ್ಕೆ ಆಗುವುದಿಲ್ಲ.

ಇನ್ನು ನಿಮ್ಮ 500 ಮಿಲಿಗ್ರಾಂ. ಈ ಅಂಕಿ ಸಾಮಾನ್ಯವಾಗಿ, ದ್ರಾವಣದ ಸಾಂದ್ರತೆಗೆ ತಕ್ಕಂತೆ ಮೈಗೆ ಎಷ್ಟು ಅಂಟುತ್ತದೆಂದು ಹೇಳುವ ಲ್ಯಾಂಗ್‌ಮ್ಯೂರ್ ಸಮೀಕರಣದಿಂದ ತೆಗೆದ ಗರಿಷ್ಠ ಸಾಮರ್ಥ್ಯ. ಒಂದೇ ಲೋಹವಿರುವ ಶುದ್ಧ ದ್ರಾವಣ, ಅದೂ ಗಟ್ಟಿಯಾದದ್ದು, ಅದರಲ್ಲಿ ಇಂಗಾಲ ಪೂರ್ತಿ ತುಂಬಿದರೆ ಎಷ್ಟು ಹಿಡಿದೀತು ಎಂಬ ಲೆಕ್ಕ. ನಿಮ್ಮ ಕೈಗೆ ಬರುವ ದ್ರಾವಣದಲ್ಲಿ ಬೆಲೆಬಾಳುವ ಲೋಹ ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಇದ್ದರೆ ಏನಾಗುತ್ತದೆ? ಎರಡು ಇಂಗಾಲಗಳನ್ನು ಊಹಿಸಿಕೊಳ್ಳಿ. ಮೊದಲನೆಯದರ ಗರಿಷ್ಠ ಸಾಮರ್ಥ್ಯ ಗ್ರಾಂಗೆ 500 ಮಿಲಿಗ್ರಾಂ, ಆದರೆ ಹಿಡಿತ ಸಡಿಲ, ಹಿಡಿತದ ಬಿಗಿಯನ್ನು ಅಳೆಯುವ ಲ್ಯಾಂಗ್‌ಮ್ಯೂರ್ ಸ್ಥಿರಾಂಕ 0.01. ಎರಡನೆಯದರ ಸಾಮರ್ಥ್ಯ ಬರೀ 100, ಆದರೆ ಹಿಡಿತ ಬಿಗಿ, ಸ್ಥಿರಾಂಕ 1. ಲೀಟರಿಗೆ 1000 ಮಿಲಿಗ್ರಾಂ ಇರುವ ದ್ರಾವಣದಲ್ಲಿ ಮೊದಲನೆಯದು 450ರ ಆಸುಪಾಸು ಹಿಡಿದು ಮೀಸೆ ತಿರುವುತ್ತದೆ, ಎರಡನೆಯದು 100. ಲೀಟರಿಗೆ 5 ಮಿಲಿಗ್ರಾಂಗೆ ಇಳಿಸಿ. ಮೊದಲನೆಯದು ಗ್ರಾಂಗೆ 24 ಮಿಲಿಗ್ರಾಂ ಹಿಡಿಯುತ್ತದೆ, ಎರಡನೆಯದು 83. ಪತ್ರಿಕೆಯ ತಲೆಬರಹದಲ್ಲಿ ಗೆದ್ದದ್ದು ತೊಟ್ಟಿಯಲ್ಲಿ ಸೋತಿತು. ಸಂಶೋಧನಾ ಲೇಖನ ಓದುವಾಗ ನಾನು ಗರಿಷ್ಠ ಸಾಮರ್ಥ್ಯದ ಕೋಷ್ಟಕವನ್ನು ಬಿಟ್ಟು ಕಡಿಮೆ ಸಾಂದ್ರತೆಯಲ್ಲಿ ಗ್ರಾಫಿನ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದನ್ನೇ ನೋಡುತ್ತೇನೆ.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ತಾಮ್ರ. ಸರ್ಕ್ಯೂಟ್ ಬೋರ್ಡಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ತಾಮ್ರ. ಚಿನ್ನ ಒಳ್ಳೆಯ ಬೋರ್ಡಿನಲ್ಲಿ ಟನ್ನಿಗೆ ಕೆಲವು ನೂರು ಗ್ರಾಂ. ಎಷ್ಟೋ ಗಣಿಗಳಲ್ಲಿ ಟನ್ ಅದಿರಿಗೆ ಒಂದೆರಡು ಗ್ರಾಂ ಸಿಕ್ಕರೂ ಕೆಲಸ ನಡೆಯುತ್ತದೆ, ಆ ಲೆಕ್ಕದಲ್ಲಿ ನಿಮ್ಮ ಕಸ ಶ್ರೀಮಂತ ಅದಿರೇ. ಒಂದು ಟನ್ ಬೋರ್ಡಿನಲ್ಲಿ 200 ಗ್ರಾಂ ಚಿನ್ನ, 200 ಕಿಲೋ ತಾಮ್ರ ಇದೆ ಎಂದಿಟ್ಟುಕೊಳ್ಳಿ. ಗ್ರಾಂಗೆ 50 ಮಿಲಿಗ್ರಾಂ ಹಿಡಿಯುವ ಸಾಧಾರಣ ಇಂಗಾಲವಾದರೂ 4 ಕಿಲೋ ಸಾಕು, ಚಿನ್ನವೆಲ್ಲ ಬಂತು. ಕಾಗದದ ಮೇಲೆ. ಆ ಇಂಗಾಲ ತಾಮ್ರದ ಸಾವಿರದ ಒಂದು ಪಾಲನ್ನು ಹಿಡಿದರೂ ಅದೇ 200 ಗ್ರಾಂ ಆಗುತ್ತದೆ. ನಿಮ್ಮ ಕೈಯಲ್ಲಿರುವುದು ಆಗ ಅರ್ಧಕ್ಕರ್ಧ ತಾಮ್ರ. ಶೇಕಡಾ 99.9ರಷ್ಟು ತಾಮ್ರವನ್ನು ದೂರವಿಟ್ಟ ಮೇಲೆ ಸಿಕ್ಕ ಫಲ ಇದು. ಇಂಗಾಲ ಎಷ್ಟು ಹಿಡಿಯುತ್ತದೆ ಎಂದು ನೀವು ಕೇಳಿದ್ದೀರಿ. ಯಾವುದನ್ನು ಹಿಡಿಯದೆ ಬಿಡುತ್ತದೆ ಎಂದು ಕೇಳಬೇಕಿತ್ತು.

ಈ ಆಯ್ಕೆಯ ಗುಣ ಎಲ್ಲಿಂದ ಬರುತ್ತದೆ? ಬಹಳ ಸಲ ಇಂಗಾಲದಿಂದಲ್ಲ, ದ್ರಾವಣದಿಂದ. ಚಿನ್ನದ ಗಣಿಯ ಉದಾಹರಣೆಯೇ ನೋಡಿ. ಚಿನ್ನ ಅಲ್ಲಿ ಎರಡು ಸೈನೈಡ್ ಜೊತೆ ಸೇರಿ ಒಂದು ಋಣಾವೇಶದ ಅಯಾನಾಗಿರುತ್ತದೆ. ನೀರನ್ನು ಬಿಗಿಯಾಗಿ ಹಿಡಿದುಕೊಳ್ಳದ ಅಯಾನು, ಇಂಗಾಲದ ಮೈಗೆ ಬಲು ಇಷ್ಟ. ತಾಮ್ರವೂ ಎರಡು ಸೈನೈಡ್ ಜೊತೆ ಸೇರಿದರೆ ಹಾಗೇ ಅಂಟಿಕೊಳ್ಳುತ್ತದೆ. ಆದರೆ ಸೈನೈಡ್ ಧಾರಾಳವಾಗಿದ್ದರೆ ತಾಮ್ರ ಮೂರು, ನಾಲ್ಕು ಸೈನೈಡ್‌ಗಳನ್ನು ಎಳೆದುಕೊಂಡು ಎರಡು ಮೂರು ಋಣಾವೇಶ ಹೊತ್ತ ಅಯಾನಾಗುತ್ತದೆ. ಅದಕ್ಕೆ ನೀರೇ ಹಿತ, ಇಂಗಾಲ ಬೇಡ. ಇಂಗಾಲ ಅದೇ, ತೊಟ್ಟಿಯೂ ಅದೇ. ನೀರಿನ ರಸಾಯನವನ್ನು ಸ್ವಲ್ಪ ತಿರುಗಿಸಿದರೆ ತಾಮ್ರ ಹೊರಗೇ ಉಳಿಯಿತು.

ಕ್ಲೋರೈಡ್ ದ್ರಾವಣದಲ್ಲಿ ಕಥೆ ಇನ್ನೂ ಚೆಂದ. ಅಲ್ಲಿ ಚಿನ್ನ ನಾಲ್ಕು ಕ್ಲೋರೈಡ್‌ಗಳ ನಡುವೆ ಕೂತಿರುತ್ತದೆ. ಎಲೆಕ್ಟ್ರಾನುಗಳಿಗಾಗಿ ಅದರ ಹಸಿವು ಭಾರಿ, ಅಳತೆಯಲ್ಲಿ ಹೇಳಿದರೆ ಸುಮಾರು 1 ವೋಲ್ಟ್. ಇಂಗಾಲದ ಮೈ ಅದಕ್ಕೆ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ, ಅಯಾನು ಲೋಹವಾಗಿ ಮಾರ್ಪಡುತ್ತದೆ. ತಿಳಿಹಳದಿ ದ್ರಾವಣಕ್ಕೆ ಒಂದು ಚಿಟಿಕೆ ಹರಳು ಹಾಕಿ ಒಂದು ದಿನ ಬಿಟ್ಟರೆ ಬಣ್ಣ ಮಾಯ. ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಮೈಮೇಲೆ, ಅಂಚುಗಳಲ್ಲಿ ಹೆಚ್ಚಾಗಿ, ಕಂದು ಮಿಶ್ರಿತ ಹಳದಿ ಚುಕ್ಕೆಗಳು ಮಿನುಗುತ್ತವೆ. ಅದು ಚಿನ್ನವೇ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ತಾಮ್ರದ ಆ ಹಸಿವು ಸುಮಾರು 0.34 ವೋಲ್ಟ್ ಅಷ್ಟೇ, ಹಾಗಾಗಿ ಅದು ಲೋಹವಾಗದೆ ನೀರಿನಲ್ಲೇ ಉಳಿಯುತ್ತದೆ. ಪಲ್ಲಾಡಿಯಂ, ಪ್ಲಾಟಿನಂ ಈ ಹಸಿವಿನಲ್ಲಿ ಚಿನ್ನ ಮತ್ತು ತಾಮ್ರದ ನಡುವೆ ಬರುತ್ತವೆ. ಅವಕ್ಕೆ ಬರಿಯ ಇಂಗಾಲ ಕೆಲಸ ಮಾಡಿದರೂ, ಸಾರಜನಕದ ಅಮೀನ್ ಗುಂಪುಗಳನ್ನೋ ಗಂಧಕವಿರುವ ಗುಂಪುಗಳನ್ನೋ ಮೈಗೆ ನೆಟ್ಟ ಇಂಗಾಲ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆಮ್ಲದಲ್ಲಿ ಅಮೀನ್ ಗುಂಪು ಧನಾವೇಶ ಪಡೆದು ಋಣಾವೇಶದ ಪಲ್ಲಾಡಿಯಂ ಕ್ಲೋರೈಡನ್ನು ಕರೆಯುತ್ತದೆ, ಧನಾವೇಶದ ತಾಮ್ರವನ್ನು ತಳ್ಳುತ್ತದೆ. ಇಲ್ಲಿ ಒಂದು ಎಚ್ಚರ: ಹೈಡ್ರೋಕ್ಲೋರಿಕ್ ಆಮ್ಲ ತೀರಾ ಗಟ್ಟಿಯಾದರೆ ಕಬ್ಬಿಣವೂ ನಾಲ್ಕು ಕ್ಲೋರೈಡ್ ತೊಟ್ಟು ಋಣಾವೇಶದ ವೇಷದಲ್ಲಿ ಒಳಗೆ ಬಂದುಬಿಡುತ್ತದೆ.

ನಿಯೋಡಿಮಿಯಂ ಬಗ್ಗೆ ನಾನು ಇಷ್ಟು ಉತ್ಸಾಹದಿಂದ ಹೇಳಲಾರೆ. ಅದು ಸೇರಿದ ವಿರಳ ಭೂಲೋಹಗಳು 17, ಅವುಗಳಲ್ಲಿ ಹೆಚ್ಚಿನವು ಮೂರು ಧನಾವೇಶದ ಅಯಾನುಗಳು, ಒಂದಕ್ಕೊಂದು ಅವಳಿ ಜವಳಿ. ಅಕ್ಕಪಕ್ಕದ ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ತ್ರಿಜ್ಯದ ವ್ಯತ್ಯಾಸ ಒಂದೆರಡು ಪಿಕೋಮೀಟರ್, ಅಂದರೆ ನ್ಯಾನೊಮೀಟರಿನ ಸಾವಿರದ ಒಂದೆರಡು ಭಾಗದಷ್ಟು. ಯಾವ ರಂಧ್ರವೂ ಇವನ್ನು ಜರಡಿ ಹಿಡಿಯದು. ಲೋಹವಾಗಿಸೋಣವೆಂದರೆ ಇಂಗಾಲದ ಎಲೆಕ್ಟ್ರಾನ್ ಅವಕ್ಕೆ ಬೇಕಾಗಿಲ್ಲ. ಇಂಗಾಲವನ್ನು ನೈಟ್ರಿಕ್ ಆಮ್ಲದಿಂದ ಉತ್ಕರ್ಷಿಸಿ ಕಾರ್ಬಾಕ್ಸಿಲ್ ಗುಂಪು ಮೂಡಿಸಬೇಕು, ಇಲ್ಲವೇ ರಂಜಕದ ಫಾಸ್ಫೋನಿಕ್ ಗುಂಪು ಕೂರಿಸಬೇಕು. ಕಾರ್ಬಾಕ್ಸಿಲ್ ಗುಂಪು ಆಮ್ಲೀಯ ನೀರಿನಲ್ಲಿ ತನ್ನ ಹೈಡ್ರೋಜನ್ ಬಿಡದೆ ಸುಮ್ಮನೆ ಕೂರುತ್ತದೆ. ನಿಯೋಡಿಮಿಯಂ ಸಿಗುವ ಮ್ಯಾಗ್ನೆಟ್ ಕರಗಿಸಿದ ದ್ರಾವಣವೋ, ಕಡು ಆಮ್ಲ.

ಇದರಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ವಿದ್ಯಾರ್ಥಿಯೊಬ್ಬರು ಶೇಕಡಾ 98ರಷ್ಟು ನಿಯೋಡಿಮಿಯಂ ತೆಗೆದೆನೆಂದು ಖುಷಿಯಿಂದ ಗ್ರಾಫ್ ತಂದರು. ಪಿಎಚ್ (ದ್ರಾವಣ ಆಮ್ಲವೋ ಕ್ಷಾರವೋ ಎಂದು ಹೇಳುವ ಅಂಕಿ) ಎಷ್ಟಿತ್ತು ಎಂದು ಕೇಳಿದೆ. ಇಂಗಾಲ ಹಾಕಿದ ಮೇಲೆ ಯಾರೂ ಅಳೆದಿರಲಿಲ್ಲ. ಆ ಇಂಗಾಲದಲ್ಲಿ ತಯಾರಿಕೆಯ ಕ್ಷಾರ ಸರಿಯಾಗಿ ತೊಳೆಯದೆ ಉಳಿದಿತ್ತು, ಪಿಎಚ್ 8 ದಾಟಿತ್ತು, ನಿಯೋಡಿಮಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂತಿತ್ತು. ಇಂಗಾಲವಿಲ್ಲದೆ ಒಂದು ಹನಿ ಕಾಸ್ಟಿಕ್ ಸೋಡಾ ಹಾಕಿದ್ದರೂ ಅದೇ ಶೇಕಡಾ 98. ತೊಳೆದ ಇಂಗಾಲವನ್ನು ನಿಜವಾದ ಮ್ಯಾಗ್ನೆಟ್ ದ್ರಾವಣಕ್ಕೆ ಹಾಕಿದಾಗ ಬಂದದ್ದು ಮುಖ್ಯವಾಗಿ ಕಬ್ಬಿಣ. ಬರಲೇಬೇಕು: ಆ ಮ್ಯಾಗ್ನೆಟ್ ಸಂಯುಕ್ತದಲ್ಲಿ ಎರಡು ನಿಯೋಡಿಮಿಯಂ ಪರಮಾಣುಗಳಿಗೆ 14 ಕಬ್ಬಿಣದವು, ತೂಕದಲ್ಲಿ ಶೇಕಡಾ 27ಕ್ಕೆ ಎದುರಾಗಿ 72. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳುವುದಾದರೆ, ಮ್ಯಾಗ್ನೆಟ್ಟಿನಂಥ ಸಮೃದ್ಧ ಮೂಲಕ್ಕೆ ಇಂಗಾಲ ಬೇಡ. ಆಕ್ಸಾಲಿಕ್ ಆಮ್ಲ ಹಾಕಿ ಆಕ್ಸಲೇಟ್ ಆಗಿ ಒತ್ತರಿಸಿದರೆ, ಅಂದರೆ ಗಟ್ಟಿ ಪುಡಿಯಾಗಿ ತಳಕ್ಕೆ ಕೂರಿಸಿದರೆ, ಕೆಲಸ ಬೇಗ ಆಗುತ್ತದೆ. ಒಂದರಿಂದೊಂದನ್ನು ಬೇರ್ಪಡಿಸಲು ಉದ್ಯಮ ನೂರಾರು ಹಂತಗಳ ದ್ರಾವಕ ವಿಧಾನವನ್ನೇ, ಅಂದರೆ ನೀರಿನಲ್ಲಿರುವ ಲೋಹವನ್ನು ಎಣ್ಣೆಯಂಥ ದ್ರಾವಕಕ್ಕೆ ಎಳೆದುಕೊಳ್ಳುವುದನ್ನೇ, ನೆಚ್ಚಿಕೊಂಡಿದೆ. ಲಿಥಿಯಂ ವಿಷಯ ಇನ್ನೂ ಚಿಕ್ಕದು: ಬರಿಯ ಇಂಗಾಲಕ್ಕೆ ಅದರ ಮೇಲೆ ಹಿಡಿತವಿಲ್ಲ, ಅದಕ್ಕೆ ಮ್ಯಾಂಗನೀಸ್ ಅಥವಾ ಟೈಟಾನಿಯಂ ಆಕ್ಸೈಡಿನ ಜರಡಿಗಳಿವೆ.

ಹಾಗಾದರೆ ಇಂಗಾಲದ ನಿಜವಾದ ಜಾಗ ಯಾವುದು? ತೆಳುವಾದ ನೀರು. ಲೋಹ ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವ ತೊಳೆನೀರು, ಚಿನ್ನದ ಲೇಪನ ಮಾಡಿದ ಮೇಲೆ ಉಳಿದ ನೀರು, ಬೇರೆ ವಿಧಾನಗಳು ಕೈಬಿಟ್ಟ ಕೊನೆಯ ದ್ರಾವಣ. ಅಲ್ಲಿ ಒತ್ತರಿಸಲು ಲೋಹ ಸಾಲದು, ದ್ರಾವಕ ಬಳಸಿದರೆ ದ್ರಾವಕವೇ ನೀರಿನ ಪಾಲಾಗುತ್ತದೆ. ಗಣಿಯ ತೊಟ್ಟಿಗಳಲ್ಲಿ ಇಂಗಾಲ ಲೀಟರಿಗೆ 0.01 ಮಿಲಿಗ್ರಾಂ ಆಸುಪಾಸಿಗೆ ಚಿನ್ನವನ್ನು ಇಳಿಸಿಬಿಡುತ್ತದೆ, ತಾನು ಮಾತ್ರ ಟನ್ನಿಗೆ ಕಿಲೋಗಟ್ಟಲೆ ಹೊತ್ತು ಹೊರಬರುತ್ತದೆ. ಈ ಗುಣ ಎಷ್ಟು ಬಲವೆಂದರೆ, ಕೆಲವು ಅದಿರುಗಳಲ್ಲಿ ಸ್ವಾಭಾವಿಕವಾಗಿಯೇ ಇರುವ ಇಂಗಾಲ, ಸೈನೈಡ್ ಕರಗಿಸಿದ ಚಿನ್ನವನ್ನು ಕದ್ದು ಮತ್ತೆ ಕಲ್ಲಿನೊಳಗೇ ಇಟ್ಟುಕೊಂಡುಬಿಡುತ್ತದೆ. ಗಣಿಯವರು ಅದನ್ನು ದರೋಡೆ ಎಂದೇ ಕರೆಯುತ್ತಾರೆ, ಪ್ರೆಗ್ ರಾಬಿಂಗ್.

ಫಿಲ್ಟರ್ ಕಾರ್ಬನ್ ಸಾಕೇ ಎಂದಿರಿ. ಚಿನ್ನಕ್ಕೆ, ರಾಸಾಯನಿಕವಾಗಿ, ಸಾಕು. ಅದೂ ಬಹುಪಾಲು ಅದೇ ತೆಂಗಿನ ಚಿಪ್ಪಿನ ಇಂಗಾಲವೇ. ಕಷ್ಟ ಇರುವುದು ಗಟ್ಟಿತನದಲ್ಲಿ. ಹರಳು ಕಲಕಾಟದಲ್ಲಿ ಸವೆದು ಪುಡಿಯಾದರೆ ಆ ಪುಡಿ ಜರಡಿ ದಾಟಿ, ಹಿಡಿದ ಚಿನ್ನದ ಸಮೇತ, ಮೋರಿಗೆ ಹೋಗುತ್ತದೆ. ಗಣಿಗಳು ಒಂದರಿಂದ ಮೂರು ಮಿಲಿಮೀಟರಿನ ಗಟ್ಟಿ ಹರಳನ್ನೇ ಆರಿಸಿ, ಮೊದಲೇ ಉಜ್ಜಿ ಚೂಪು ಅಂಚುಗಳನ್ನು ಉದುರಿಸಿಕೊಳ್ಳುವುದು ಇದಕ್ಕೇ. ಪುಡಿ ಇಂಗಾಲ ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ ನಿಜ, ಆಮೇಲೆ ಅದನ್ನು ಸೋಸುವಷ್ಟರಲ್ಲಿ ನೀವು ಸುಸ್ತಾಗುತ್ತೀರಿ. ಅಯಸ್ಕಾಂತದಿಂದ ಎಳೆಯಬಹುದಾದ, ಕಬ್ಬಿಣದ ಆಕ್ಸೈಡ್ ಬೆರೆಸಿದ ಇಂಗಾಲವನ್ನೂ ಈಗ ಹೊಗಳುತ್ತಾರೆ. ಕಡು ಆಮ್ಲದಲ್ಲಿ ಆ ಆಕ್ಸೈಡ್ ಕರಗುತ್ತದೆ ಎಂಬುದನ್ನು ಆ ಹೊಗಳಿಕೆ ಹೇಳುವುದಿಲ್ಲ.

ಬಿಡಿಸಿಕೊಳ್ಳುವುದನ್ನೂ ಮೊದಲೇ ಯೋಚಿಸಿಡಿ. ಲೋಹವಾಗಿ ಕೂತ ಚಿನ್ನವನ್ನು ನೀರು ತೊಳೆಯದು. ಒಂದೋ ಮತ್ತೆ ಕರಗಿಸಬೇಕು, ಇಲ್ಲವೇ ಇಂಗಾಲ ಸುಟ್ಟು ಬೂದಿಯಿಂದ ತೆಗೆಯಬೇಕು. ಬಳಸಿ ಬಿಟ್ಟ ಪಲ್ಲಾಡಿಯಂ-ಇಂಗಾಲ ವೇಗವರ್ಧಕಗಳನ್ನು ಉದ್ಯಮ ಸುಟ್ಟೇ ಲೋಹ ಹಿಂಪಡೆಯುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಇಂಗಾಲ ಅಗ್ಗ, ಲೋಹ ದುಬಾರಿ ಆಗಿದ್ದರೆ ಸುಡುವುದೇ ಜಾಣತನ. ಆದರೆ ದುಬಾರಿ ಗುಂಪುಗಳನ್ನು ನೆಟ್ಟ ಇಂಗಾಲವನ್ನು ಸುಡಲಾಗದು. ಆಗ ತೊಳೆಯಬೇಕು, ಅಮೀನ್ ಅಥವಾ ಗಂಧಕದ ಮೈಯಿಂದ ಪಲ್ಲಾಡಿಯಂ ಬಿಡಿಸಲು ಆಮ್ಲ ಬೆರೆಸಿದ ಥಯೋಯೂರಿಯಾ ಸಾಮಾನ್ಯ. ಐದು ಸಲ ಬಳಸಿದರೂ ಸಾಮರ್ಥ್ಯ ಕುಗ್ಗಲಿಲ್ಲ ಎಂದು ಲೇಖನಗಳು ಹೇಳುತ್ತವೆ. ಘಟಕ ನಡೆಸುವವರಿಗೆ ಬೇಕಾದದ್ದು ಐದು ಸಲವಲ್ಲ, ನೂರಾರು ಸಲ.

2024ರ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಪ್ರಪಂಚ 6.2 ಕೋಟಿ ಟನ್ ಇ-ತ್ಯಾಜ್ಯ ಹಾಕಿತು, ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ದಾಖಲೆಯಲ್ಲಿ ಶೇಕಡಾ 22.3. ವಿರಳ ಭೂಲೋಹಗಳ ಬೇಡಿಕೆಯಲ್ಲಿ ಇ-ತ್ಯಾಜ್ಯದಿಂದ ತೀರುವುದು ಸುಮಾರು ಶೇಕಡಾ 1. ಅವಕಾಶ ಇದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ದಯವಿಟ್ಟು ಮನೆಯಲ್ಲೋ ಶೆಡ್ಡಿನಲ್ಲೋ ಆಮ್ಲ ಕಾಯಿಸಿ ಬೋರ್ಡು ಕರಗಿಸಲು ಹೋಗಬೇಡಿ. ರಾಜದ್ರಾವಕ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕ್ಲೋರಿನ್ ಮತ್ತು ಸಾರಜನಕದ ಆಕ್ಸೈಡುಗಳನ್ನು ಕಾರುತ್ತದೆ, ಸೈನೈಡಿಗೆ ಆಮ್ಲ ತಗುಲಿದರೆ ಹೊರಬರುವ ಅನಿಲ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಕೈಯಾಡಿಸಿ ನೋಡಲೇಬೇಕೆಂದಿದ್ದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಲೋಟ ಸಾಕು. ಒಂದರಲ್ಲಿ ಮೆಥಿಲೀನ್ ಬ್ಲೂ ಬಣ್ಣದ ನೀರು, ಇನ್ನೊಂದರಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರು. ಎರಡಕ್ಕೂ ಒಂದೊಂದು ಚಮಚ ಫಿಲ್ಟರ್ ಕಾರ್ಬನ್ನಿನ ಪುಡಿ ಹಾಕಿ ಕಲಕಿ ಸೋಸಿ. ಮೊದಲನೆಯದರ ನೀಲಿ ಹೋಗುತ್ತದೆ. ಎರಡನೆಯದರ ನೀಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಘಟಕದ ಯೋಚನೆ ಗಟ್ಟಿಯಾಗಿದ್ದರೆ ಇಂಗಾಲ ಕೊಳ್ಳುವ ಮೊದಲು, ಪರವಾನಗಿ ಇರುವ ಮರುಬಳಕೆ ಘಟಕವೊಂದರಿಂದ ನಿಮ್ಮದೇ ಬಗೆಯ ಕಸದ ದ್ರಾವಣದ ಮಾದರಿ ಪಡೆದು, ಯಾವ ಲೋಹ ಎಷ್ಟಿದೆ ಎಂದು ಅಳೆಯುವ ಐಸಿಪಿ ಯಂತ್ರದಲ್ಲಿ ಪರೀಕ್ಷೆ ಮಾಡಿಸಿ. ಚಿನ್ನವೊಂದೇ ಅಲ್ಲ, ತಾಮ್ರ, ಕಬ್ಬಿಣ, ನಿಕಲ್, ತವರ, ಸೀಸ, ಜೊತೆಗೆ ಆಮ್ಲದ ಪ್ರಮಾಣವನ್ನೂ ಕೇಳಿ. ತಾಮ್ರವನ್ನು ಚಿನ್ನಕ್ಕಿಂತ ಮೊದಲೇ ಬೇರೆಯಾಗಿ ಕರಗಿಸಿ ತೆಗೆದ ಮಾದರಿ ಸಿಕ್ಕರೆ ಅದನ್ನೂ ಕೊಡಿ. ವರದಿ ಬಂದಾಗ ಚಿನ್ನದ ಸಾಲನ್ನು ಆಮೇಲೆ ನೋಡಿ, ಮೊದಲು ತಾಮ್ರದ್ದು.